ಎರಡಕ್ಷರಕ್ಕೆ ಒಂದು ಭಾನುವಾರ

ಶನಿವಾರ ರಾತ್ರಿ ಮಗಳು ಒಂದು ಹಾಳೆ ತಂದು ನನ್ನ ಮುಂದೆ ಹಿಡಿದಳು. ನೀಲಿ ಕ್ರೆಯಾನ್‌ನಲ್ಲಿ ‘ಅಜ್ಜಿ’ ಅಂತ ಬರೆದಿದ್ದಳು. ಪಕ್ಕದಲ್ಲಿ ಐದು ದಳದ ಕೆಂಪು ಹೂವು. ಅವಳು ಅಕ್ಷರ ಕಲಿಯೋಕೆ ಶುರುಮಾಡಿ ಇನ್ನೂ ವರ್ಷ ಆಗಿಲ್ಲ. ‘ಅ’ ಒಂದು ಕಡೆ ವಾಲಿತ್ತು. ‘ಜಿ’ಯ ಗುಡಿಸು ಬೇಕಾದ್ದಕ್ಕಿಂತ ಜಾಸ್ತಿ ಸುತ್ತಿಕೊಂಡಿತ್ತು. ಕೆಳಗಿನ ಜ ಒತ್ತು ಮೇಲಿನ ಅಕ್ಷರದಷ್ಟೇ ದೊಡ್ಡದಾಗಿ, ಹಾಳೆಯ ಅಂಚಿಗೆ ತಾಗಿ ಕೂತಿತ್ತು.

“ಇದನ್ನ ನಿನ್ನ ಮಷಿನ್ ಹೊಲಿಯುತ್ತಾ ಅಮ್ಮಾ? ಅಜ್ಜಿ ಬ್ಯಾಗ್ ಮೇಲೆ?”

ಹೊಲಿಯುತ್ತೆ ಅಂದೆ. ಅಜ್ಜಿ, ಅಂದರೆ ನನ್ನಮ್ಮ, ಮರುದಿನ ಸಂಜೆ ಬರುವವಳಿದ್ದಳು. ಅವಳಿಗೆಂದು ಎತ್ತಿಟ್ಟಿದ್ದ ಒಂದು ದಪ್ಪ ಬಟ್ಟೆಯ ಕೈಚೀಲ ಮನೆಯಲ್ಲಿತ್ತು. ಒಂದು ಭಾನುವಾರ ಪೂರ್ತಿ ಕೈಯಲ್ಲಿತ್ತು.

ನನ್ನದು ಒಂದೇ ಸೂಜಿಯ ಸಣ್ಣ ಎಂಬ್ರಾಯ್ಡರಿ ಮಷಿನ್. ಅದರ ಹೂಪ್‌ನಲ್ಲಿ, ಅಂದರೆ ಬಟ್ಟೆ ಬಿಗಿದಿಡುವ ಚೌಕಟ್ಟಿನಲ್ಲಿ, ಸಿಗುವ ಜಾಗ 100 ಮಿಲಿಮೀಟರ್ ಉದ್ದ, 100 ಅಗಲ. ಅಷ್ಟರೊಳಗೇ ಎಲ್ಲ. ಮಷಿನ್ ಜೊತೆ ಬಂದ ಅಕ್ಷರಗಳೆಲ್ಲ ಎಬಿಸಿಡಿ. ಕನ್ನಡ ಬೇಕು ಅಂದರೆ ನಾವೇ ಮಾಡಿಕೊಳ್ಳಬೇಕು. ಮೊದಮೊದಲು ಇದು ಬೇಜಾರು ತರಿಸಿತ್ತು. ಈಗ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸವೇ ಅದು.

ಬೆಳಿಗ್ಗೆ ಎಲ್ಲರೂ ಏಳುವ ಮೊದಲೇ ಕಂಪ್ಯೂಟರ್ ಮುಂದೆ ಕೂತೆ. ಹಾಳೆಯ ಫೋಟೋ ತೆಗೆದು, ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಹಾಕಿಕೊಂಡೆ. ಅದಕ್ಕೆ ಸೇರಿಸಿಕೊಳ್ಳುವ ಇಂಕ್‌ಸ್ಟಿಚ್ ಅನ್ನೋ ಸೌಲಭ್ಯ ಇದೆ. ಎರಡೂ ಉಚಿತ. ಚಿತ್ರವನ್ನು ಹೊಲಿಗೆಯಾಗಿ ಬದಲಾಯಿಸುವ ಈ ಕೆಲಸಕ್ಕೆ ಡಿಜಿಟೈಸಿಂಗ್ ಅಂತಾರೆ. ಮಷಿನ್‌ಗೆ ಅಕ್ಷರ ಗೊತ್ತಿಲ್ಲ. ಮುಂದಿನ ಸಲ ಸೂಜಿ ಎಲ್ಲಿ ಚುಚ್ಚಬೇಕು ಅನ್ನೋದಷ್ಟೇ ಗೊತ್ತು. ಆ ಒಂದೊಂದು ಚುಚ್ಚಿನ ಜಾಗವನ್ನೂ ಮೊದಲೇ ತೀರ್ಮಾನ ಮಾಡಿಡಬೇಕು.

ಅಕ್ಷರಕ್ಕೆ ಸ್ಯಾಟಿನ್ ಹೊಲಿಗೆ ಒಪ್ಪುತ್ತದೆ. ದಾರ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ ಹೋಗಿ ಬರುತ್ತಾ ಹೊಳೆಯುವ ಪಟ್ಟಿಯಾಗುತ್ತದೆ. ಕ್ರೆಯಾನ್ ಗೆರೆಯ ಎರಡೂ ಬದಿಗೆ ರೈಲು ಹಳಿಯಂತೆ ಎರಡು ಗೆರೆ ಎಳೆದರೆ, ನಡುವಿನ ಹೊಲಿಗೆಯನ್ನು ಸಾಫ್ಟ್‌ವೇರ್ ತುಂಬಿಸುತ್ತದೆ. ಪಟ್ಟಿಯ ಅಗಲ 3 ಮಿಲಿಮೀಟರ್ ಇಟ್ಟೆ. ಸಾಲಿನಿಂದ ಸಾಲಿಗೆ ಅಂತರ 0.4 ಮಿಲಿಮೀಟರ್. ಕೇಳೋಕೆ ಸುಲಭ. ಆದರೆ ನಮ್ಮ ಅಕ್ಷರಗಳಲ್ಲಿ ನೇರ ಗೆರೆ ಎಲ್ಲಿದೆ ಹೇಳಿ? ಎಲ್ಲ ಸುತ್ತು, ಎಲ್ಲ ಬಾಗು. ಬಾಗುವ ಜಾಗದಲ್ಲಿ ಹೊರ ಅಂಚಿಗೆ ಜಾಗ ಧಾರಾಳ, ಒಳ ಅಂಚಿಗೆ ಇಕ್ಕಟ್ಟು. ಹೊಲಿಗೆಗಳೆಲ್ಲ ಒಳಗಡೆ ಒಂದೇ ಕಡೆ ಬಂದು ಚುಚ್ಚಿದರೆ ಅಲ್ಲಿ ದಾರ ಗಟ್ಟಿಯಾಗಿ ಗುಡ್ಡೆಯಾಗುತ್ತೆ. ಬಟ್ಟೆಗೆ ತೂತೂ ಬೀಳಬಹುದು. ಹಾಗಾಗಿ ಅಂಥ ಕಡೆ ಒಂದು ಬಿಟ್ಟು ಒಂದು ಹೊಲಿಗೆಯನ್ನು ಅಂಚಿನ ತನಕ ಬಿಡದೆ ಸ್ವಲ್ಪ ಮೊದಲೇ ನಿಲ್ಲಿಸಬೇಕು. ‘ಅ’ದ ಸುತ್ತಿಗೆ ಇದನ್ನು ಹೊಂದಿಸಲಿಕ್ಕೇ ನನಗೆ ಅರ್ಧ ಗಂಟೆ ಹಿಡಿಯಿತು.

ಈ ನಡುವೆ ನಾನು ಒಂದು ತಪ್ಪು ಮಾಡಿದೆ. ವಾಲಿದ ‘ಅ’ವನ್ನು ನೆಟ್ಟಗೆ ಮಾಡಿದೆ. ಗುಡಿಸನ್ನು ನೀಟಾಗಿ ತಿರುಗಿಸಿದೆ. ಒತ್ತನ್ನು ಚಿಕ್ಕದು ಮಾಡಿ, ಎಲ್ಲಿರಬೇಕೋ ಅಲ್ಲಿಗೆ ತಂದು ಕೂರಿಸಿದೆ. ಪರದೆ ಮೇಲೆ ನೋಡಿದರೆ ಅಕ್ಷರ ಅಚ್ಚುಕಟ್ಟಾಗಿತ್ತು. ಆದರೆ ಅದು ಯಾರದ್ದೋ ‘ಅಜ್ಜಿ’ ಆಗಿತ್ತು. ಪಕ್ಕದಲ್ಲಿದ್ದ ಹಾಳೆ ನೋಡಿದೆ, ಮತ್ತೆ ಪರದೆ ನೋಡಿದೆ. ಮಾಡಿದ್ದನ್ನೆಲ್ಲ ಒಂದೊಂದಾಗಿ ವಾಪಸ್ ತೆಗೆದೆ.

ವಾಪಸ್ ತೆಗೆದ ಮೇಲೆ ಇನ್ನೊಂದು ವಿಷಯ ಹೊಳೆಯಿತು. ನಾನು ಬಳಸೋದು 40 ನಂಬರ್ ದಾರ. ಅದಕ್ಕೂ ಒಂದು ದಪ್ಪ ಇದೆಯಲ್ಲ. ಒತ್ತಕ್ಷರ ಚಿಕ್ಕದಾದಷ್ಟೂ ಅದರ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ. ಹೊಲಿದ ಮೇಲೆ ಜ ಒತ್ತು ಕಾಣಲ್ಲ, ಒಂದು ನೀಲಿ ಉಂಡೆ ಕಾಣುತ್ತೆ. ಮಗಳು ಅದನ್ನು ಅಷ್ಟು ದೊಡ್ಡದಾಗಿ ಬರೆದಿದ್ದಳಲ್ಲ, ದಾರಕ್ಕೆ ಬೇಕಾಗಿದ್ದದ್ದು ಸರಿಯಾಗಿ ಅಷ್ಟೇ ಅಳತೆ. ಕನ್ನಡ ಹೊಲಿಯುವವರಿಗೆ ನಾನು ಹೇಳೋದು ಇದನ್ನೇ: ಒತ್ತಕ್ಷರಕ್ಕೆ ಕಂಜೂಸಿ ಮಾಡಬೇಡಿ.

ಹೂವು ಬೇಗ ಮುಗಿಯಿತು. ದಳಗಳಿಗೆ ಸಾದಾ ತುಂಬು ಹೊಲಿಗೆ, ಸುತ್ತ ಒಂದು ಗೆರೆ. ಹೊಲಿಯುವಾಗ ದಾರ ಬಟ್ಟೆಯನ್ನು ಒಳಕ್ಕೆ ಎಳೆಯುತ್ತೆ. ಪರದೆಯ ಮೇಲೆ ಗುಂಡಗಿದ್ದದ್ದು ಬಟ್ಟೆ ಮೇಲೆ ಮೊಟ್ಟೆಯಂತಾಗಿ, ದಳಕ್ಕೂ ಗೆರೆಗೂ ನಡುವೆ ಬಟ್ಟೆ ಇಣುಕುತ್ತೆ. ಆದ್ದರಿಂದ ಅಂಚನ್ನು 0.3 ಮಿಲಿಮೀಟರ್ ಆಚೆಗೆ ಸರಿಸಿದೆ. ಲೆಕ್ಕ ನೋಡಿದರೆ ಒಟ್ಟು 3,900 ಚಿಲ್ಲರೆ ಹೊಲಿಗೆ. ನನ್ನ ಮಷಿನ್ ನಿಮಿಷಕ್ಕೆ 400ರಂತೆ ಹೊಲಿಯುತ್ತೆ. ಹತ್ತೇ ಹತ್ತು ನಿಮಿಷದ ಕೆಲಸ.

ಆಗ ಗಂಟೆ ಹನ್ನೊಂದು ಆಗಿತ್ತು. ನಾನಿನ್ನೂ ಸೂಜಿಗೆ ದಾರ ಹಾಕಿರಲಿಲ್ಲ.

ಏನೇ ಆಗಲಿ, ಬೇಕಾದ ಬಟ್ಟೆ ಮೇಲೆ ನೇರವಾಗಿ ಹೊಲಿಯೋದಿಲ್ಲ. ಮೊದಲು ಅಂಥದೇ ಬಟ್ಟೆಯ ತುಂಡಿನ ಮೇಲೆ ಒಂದು ಸಲ. ಹಳೆ ಸೂಜಿ ತೆಗೆದು ಹೊಸದು ಹಾಕಿದೆ. ಬಟ್ಟೆ ದಪ್ಪ, ಅದಕ್ಕೆ 90 ನಂಬರಿನ ಸೂಜಿ. ತೆಳು ಬಟ್ಟೆಗಾದರೆ 75 ಸಾಕು. ನೀಲಿ ಪಾಲಿಯೆಸ್ಟರ್ ದಾರ ಪೋಣಿಸಿದೆ. ರೇಯಾನ್ ದಾರದ ಹೊಳಪು ನನಗೆ ತುಂಬ ಇಷ್ಟ, ಆದರೆ ದಿನಾ ಬಳಸಿ ಒಗೆಯುವ ವಸ್ತುವಿಗೆ ಪಾಲಿಯೆಸ್ಟರೇ ಗಟ್ಟಿ. ಬಟನ್ ಒತ್ತಿದೆ.

ನಾಲ್ಕು ಹೊಲಿಗೆ ಹಾಕಿರಬಹುದು. ಸದ್ದು ಬದಲಾಯಿತು. ಟಕ್ ಟಕ್ ಅನ್ನೋದು ಹೋಗಿ ಧಡ್ ಧಡ್ ಅನ್ನತೊಡಗಿತು. ತಕ್ಷಣ ನಿಲ್ಲಿಸಿದೆ. ಹೂಪ್ ಎತ್ತಲು ಹೋದರೆ ಬರುತ್ತಿಲ್ಲ. ಬಟ್ಟೆಯ ಅಡಿ ದಾರ ಸುತ್ತಿ ಸುತ್ತಿ ಹಿಡಿದುಕೊಂಡಿತ್ತು. ಹಕ್ಕಿಗೂಡು ಅಂತಾರೆ ಇದಕ್ಕೆ, ಅದು ಹಾಗೇ ಕಾಣುತ್ತೆ ಕೂಡ. ಹೂಪ್ ಜಗ್ಗಬಾರದು, ಜಗ್ಗಿದರೆ ಸೂಜಿ ಬಗ್ಗುತ್ತೆ, ಹೂಪ್ ಹಿಡಿಯುವ ತೋಳಿಗೂ ಪೆಟ್ಟಾಗುತ್ತೆ. ಸಣ್ಣ ಕತ್ತರಿಯನ್ನು ಬಟ್ಟೆಗೂ ಲೋಹದ ತಟ್ಟೆಗೂ ನಡುವೆ ತೂರಿಸಿ ಒಂದೊಂದೇ ಎಳೆ ಕತ್ತರಿಸಿದೆ.

ದಾರ ಕೆಳಗೆ ಗಂಟಾದರೆ ಮನಸ್ಸು ಮೊದಲು ಹೋಗೋದು ಬಾಬಿನ್ ಕಡೆಗೆ, ಅಂದರೆ ಕೆಳಗಿನ ದಾರ ಸುತ್ತಿಟ್ಟ ಪುಟ್ಟ ಉರುಳೆಯ ಕಡೆಗೆ. ಬಾಬಿನ್ ತೆಗೆದೆ. ಅದು ಕೂರುವ ಜಾಗವನ್ನು ಬ್ರಷ್‌ನಿಂದ ಸ್ವಚ್ಛ ಮಾಡಿದೆ. ಹೊಸದಾಗಿ ದಾರ ಸುತ್ತಿದೆ. ಮತ್ತೆ ಹೊಲಿದೆ, ಮತ್ತೆ ಅದೇ ಗೂಡು. ಇನ್ನೊಂದು ಸಲ ಕತ್ತರಿ. ಆಮೇಲೆ ಮಷಿನ್ ಆಫ್ ಮಾಡಿ ಸುಮ್ನೆ ಕೂತೆ.

ಕತ್ತರಿಸಿ ತೆಗೆದ ಆ ಗೋಜಲು ಟೇಬಲ್ ಮೇಲೆ ಬಿದ್ದಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಬಣ್ಣ ನೀಲಿ. ಬಾಬಿನ್ ದಾರ ಬಿಳಿ. ಅಂದರೆ ಕೆಳಗೆ ಗುಡ್ಡೆ ಬಿದ್ದದ್ದು ಮೇಲಿನ ದಾರ! ಮೇಲಿನ ದಾರವನ್ನು ಹಿಡಿದು ಬಿಗಿಯಾಗಿ ಇಡುವ ಎರಡು ಪುಟ್ಟ ಬಿಲ್ಲೆಗಳು ಮಷಿನ್ ಒಳಗಿವೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಮೇಲಿದ್ದಾಗ ಮಾತ್ರ ಅವು ಬಾಯಿ ತೆರೆಯೋದು. ಅದನ್ನು ಕೆಳಗಿಳಿಸಿಟ್ಟು ದಾರ ಹಾಕಿದರೆ ದಾರ ಬಿಲ್ಲೆಗಳ ನಡುವೆ ಕೂರದೆ ಹೊರಗೇ ಜಾರುತ್ತೆ. ಹಿಡಿತವೇ ಇಲ್ಲದ ದಾರ ಒಂದೇ ಸಮನೆ ಕೆಳಗೆ ಸುರಿಯುತ್ತೆ. ಸೂಜಿ ಬದಲಾಯಿಸುವಾಗ ಫೂಟ್ ಇಳಿಸಿದ್ದವಳು ಎತ್ತುವುದನ್ನು ಮರೆತಿದ್ದೆ. ಎತ್ತಿದೆ, ಮೊದಲಿಂದ ಪೋಣಿಸಿದೆ. ಎಳೆದು ನೋಡಿದರೆ ಸಲೀಸಾಗಿ ಬಂತು. ಫೂಟ್ ಇಳಿಸಿ ಎಳೆದರೆ ಹಿಡಿದುಕೊಂಡಿತು. ಸರಿ ಇದೆ ಅನ್ನೋದಕ್ಕೆ ಗುರುತು ಇದೇ.

ಈ ಸಲ ಮಷಿನ್ ಹಾಡಿದ ಹಾಗೆ ಹೊಲಿಯಿತು. ಆ ಸದ್ದು ಕೇಳಿದಾಗ ಆಗುವ ಸಮಾಧಾನ ಎಷ್ಟು ಅಂತ ಹೇಳಲಿ!

ಇನ್ನು ಚೀಲ. ದಪ್ಪ ಬಟ್ಟೆಯನ್ನು ಹೂಪ್‌ಗೆ ಒತ್ತಿ ಕೂರಿಸಿದರೆ ಗುರುತು ಬೀಳುತ್ತೆ, ಸ್ಕ್ರೂ ಕೂಡ ಬಿಗಿಯಾಗಲ್ಲ. ಹಾಗಾಗಿ ಬಟ್ಟೆಯ ಅಡಿ ಆಸರೆಗೆ ಇಡುವ ಸ್ಟೆಬಿಲೈಸರ್ ಹಾಳೆಯನ್ನಷ್ಟೇ ಹೂಪ್‌ನಲ್ಲಿ ತಮಟೆಯ ಥರ ಬಿಗಿದೆ. ಅದರ ಮೇಲೆ ಚೀಲ ಹರಡಿ ಸುತ್ತ ಕಚ್ಚಾ ಹೊಲಿಗೆ ಹಾಕಿಸಿದೆ. ಚೀಲದ ಹಿಂಬದಿ ಸೂಜಿಯ ಅಡಿ ಬಂದರೆ ಎರಡೂ ಬದಿ ಸೇರಿಸಿ ಹೊಲಿದುಬಿಡುತ್ತೆ. ಹಿಂದೊಮ್ಮೆ ಒಂದು ಅಂಗಿಗೆ ಹಾಗಾಗಿತ್ತು, ಬಿಚ್ಚಲು ಎರಡು ಸಂಜೆ ಬೇಕಾಯಿತು. ಅದಕ್ಕೆ ಈ ಸಲ ಉಳಿದ ಬಟ್ಟೆಯನ್ನೆಲ್ಲ ಸುರುಳಿ ಸುತ್ತಿ ಕ್ಲಿಪ್ ಹಾಕಿದೆ. ಚೀಲ ಹಾಗೆ ಕೂರಬೇಕಾದರೆ ಅಕ್ಷರ ತಲೆಕೆಳಗಾಗಿ ಹೊಲಿಯಬೇಕು. ಅದನ್ನೂ ತಿರುಗಿಸಿದೆ.

ಮಗಳನ್ನು ಕರೆದೆ. ತಲೆಕೆಳಗಾದ ಅಕ್ಷರ ಓದಲು ಬರಲಿಲ್ಲ ಅಂತ ಅವಳು ಮಷಿನ್ ಹಿಂದೆ ಹೋಗಿ ನಿಂತಳು. ಕೈ ಕಟ್ಟಿಕೊಂಡು ನೋಡಬೇಕು ಅಂತ ಮೊದಲೇ ಮಾತಾಗಿತ್ತು. ಸ್ಯಾಟಿನ್ ಹಾಕುವ ಮೊದಲು ಅಡಿ ಹೊಲಿಗೆ ಬರುತ್ತೆ. ಗೆರೆಯ ನಡುಮಧ್ಯೆ ತೆಳ್ಳಗೆ ಕೊನೆ ತನಕ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತೆ. ಬಟ್ಟೆಯನ್ನು ಹಾಳೆಗೆ ಹಿಡಿಸುವುದೂ, ಮೇಲಿನ ದಾರವನ್ನು ಸ್ವಲ್ಪ ಎತ್ತರಿಸುವುದೂ ಅದರ ಕೆಲಸ.

“ಅಮ್ಮಾ, ವಾಪಸ್ ಬರ್ತಿದೆ! ಅಳಿಸ್ತಿದೆಯಾ?”

“ಇಲ್ಲ ಪುಟ್ಟಾ, ನೋಡ್ತಾ ಇರು.”

ಸದ್ದು ಒಮ್ಮೆಗೇ ಬದಲಾಯಿತು. ಹೂಪ್ ಎಡಕ್ಕೆ ಬಲಕ್ಕೆ ಸಣ್ಣಗೆ ನಡುಗತೊಡಗಿತು. ತೆಳು ಗೆರೆಯ ಮೇಲೆ ನೀಲಿ ಪಟ್ಟಿ ಏಳುತ್ತಾ ಬಂತು. ವಾಲಿದ ‘ಅ’ ವಾಲಿದ ಹಾಗೇ. ಅವಳ ಕ್ರೆಯಾನ್ ಒಂದು ಕಡೆ ನಿಂತು ಮತ್ತೆ ಮುಂದೆ ಹೋಗಿತ್ತಲ್ಲ, ಅಲ್ಲಿ ಬಂದ ಸಣ್ಣ ಗಂಟು ಕೂಡ ಹಾಗೇ. “ಇಲ್ಲಿ ನಾನು ಯೋಚನೆ ಮಾಡ್ತಿದ್ದೆ” ಅಂದಳು. ಒತ್ತು ಮುಗಿಯುವ ತನಕ ಅವಳು ಕಣ್ಣು ಮಿಟುಕಿಸಿದ್ದನ್ನು ನಾನು ನೋಡಲಿಲ್ಲ. ಕೆಂಪು ದಾರ ಬದಲಾಯಿಸಿ ಹೂವನ್ನೂ ಮುಗಿಸಿದೆ. ಹಿಂದಿನ ಹಾಳೆ ಹರಿಯುವಾಗ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮೆಲ್ಲಗೆ ಹರಿದೆ. ಇಲ್ಲಿ ಅವಸರ ಮಾಡಿದರೆ ಅಂಚು ಜಗ್ಗಿಹೋಗುತ್ತೆ.

ಸಂಜೆ ಅಮ್ಮ ಬಂದಳು. ಚೀಲ ಕೈಗೆ ತಗೊಂಡು, ಅಕ್ಷರದ ಮೇಲೆ ಬೆರಳಾಡಿಸಿದಳು. “ಇದು ಅವಳದೇ ಕೈಬರಹ” ಅಂದಳು. ಆಮೇಲೆ ನಾನು ಕಾಯುತ್ತಿದ್ದದ್ದನ್ನೇ ಮಾಡಿದಳು. ಚೀಲವನ್ನು ಒಳಮೈ ಹೊರಗೆ ಮಾಡಿ ಹಿಂದಿನ ಹೊಲಿಗೆ ನೋಡಿದಳು. ಅವಳು ಕೈಕಸೂತಿಯವಳು. ಹಿಂಬದಿ ನೋಡದೆ ಯಾವ ಕಸೂತಿಯನ್ನೂ ಚೆನ್ನಾಗಿದೆ ಅನ್ನುವವಳಲ್ಲ.

“ಏನೇ ಇದು, ಹಿಂದೆ ನಡುವೆ ಬಿಳಿ ದಾರ ಕಾಣ್ತಿದೆ?”

ನನಗೆ ಖುಷಿಯಾಯಿತು. ಅದು ಹಾಗೇ ಕಾಣಬೇಕು. ಹಿಂಬದಿಯಲ್ಲಿ ಪಟ್ಟಿಯ ಮೂರನೇ ಒಂದು ಭಾಗ ಬಿಳಿ, ಎರಡೂ ಪಕ್ಕ ನೀಲಿ ಇದ್ದರೆ ಮೇಲಿನ ದಾರ, ಕೆಳಗಿನ ದಾರ ಎರಡರ ಬಿಗಿಯೂ ಸರಿಯಾಗಿದೆ ಅಂತ ಅರ್ಥ. ಕೈಯಲ್ಲಿ ಹಾಕುವಾಗ ಒಂದೇ ದಾರ ಬಟ್ಟೆಯನ್ನು ದಾಟಿ ಹೋಗಿ ದಾಟಿ ಬರುತ್ತೆ. ಮಷಿನ್‌ನಲ್ಲಿ ಎರಡು ದಾರ ಬಟ್ಟೆಯೊಳಗೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಶುರುವಿನಲ್ಲಿ ಮಷಿನ್ ಕೂಡ ಕೈಯ ದಾರಿಯಲ್ಲೇ ನಡೆದಿತ್ತು. 1828ರಲ್ಲಿ ಫ್ರಾನ್ಸಿನ ಮುಲೂಸ್‌ನಲ್ಲಿ ಜೋಸುವೆ ಹೈಲ್ಮನ್ ಮಾಡಿದ ಕಸೂತಿ ಯಂತ್ರದ ಸೂಜಿಗೆ ಎರಡೂ ತುದಿ ಚೂಪು, ಕಣ್ಣು ನಡುವೆ. ಒಂದೇ ದಾರ ಆಚೆ ಈಚೆ ಹೋಗಿಬರುತ್ತಿತ್ತು. ನಡೆಸುವವನು ದೊಡ್ಡದಾಗಿ ಬರೆದಿಟ್ಟ ಚಿತ್ರದ ಮೇಲೆ ಒಂದು ಮೊನೆ ಆಡಿಸುತ್ತಾ ಹೋದರೆ ಅದೇ ಆಕಾರ ಚಿಕ್ಕದಾಗಿ ಬಟ್ಟೆ ಮೇಲೆ ಬರುತ್ತಿತ್ತು. ಬೆಳಿಗ್ಗೆ ನಾನು ಕ್ರೆಯಾನ್ ಗೆರೆಯ ಮೇಲೆ ಮೌಸ್ ಆಡಿಸಿದ ಹಾಗೆಯೇ ಅಲ್ವಾ? 1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಎರಡು ದಾರದ ಯಂತ್ರ ತಂದ. ಕೆಳಗಿನ ದಾರ ಇಟ್ಟುಕೊಂಡು ಓಡಾಡುವ ಲಾಳಿ ದೋಣಿಯ ಆಕಾರದಲ್ಲಿತ್ತು. ಅದರಿಂದಲೇ ಆ ಯಂತ್ರಕ್ಕೆ ಶಿಫ್ಲಿ ಅಂತ ಹೆಸರು, ಅಂದರೆ ಪುಟ್ಟ ದೋಣಿ.

ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಬೆರಳಿನ ಉಗುರಿನಿಂದ ಬಿಳಿ ದಾರವನ್ನು ಮೆಲ್ಲಗೆ ಕೆದಕಿ ನೋಡಿದಳು. ಬಿಚ್ಚಲಿಲ್ಲ.

“ಹೂಂ, ಗಟ್ಟಿಯಾಗಿದೆ” ಅಂದಳು. “ಆ ದೋಣಿ ನಿನ್ನ ಮಷಿನ್‌ನಲ್ಲಿ ಎಲ್ಲಿದೆ, ತೋರಿಸು.”

ಕನ್ನಡಕ ಹಾಕಿಕೊಂಡು ಮಷಿನ್ ಮುಂದೆ ಕೂತಳು. ನಾನು ಮುಚ್ಚಳ ತೆಗೆದು ಬಾಬಿನ್ ಅವಳ ಅಂಗೈ ಮೇಲಿಟ್ಟೆ. ಅಷ್ಟರಲ್ಲಿ ಮಗಳು ಇನ್ನೊಂದು ಹಾಳೆ ಹಿಡಿದು ಬಂದಳು. ಈ ಸಲ ಕ್ರೆಯಾನ್ ಅವಳ ಕೈಯಲ್ಲೇ ಇತ್ತು, ಹಾಳೆ ಖಾಲಿ. “ಅಜ್ಜಿ, ಈಗ ನೀನು ಬರಿ” ಅಂದಳು.