ಸಿಂಗಾಪುರದಿಂದ ಕ್ರೂಸ್: ಟಿಕೆಟ್ ಬೆಲೆಯ ಆಚೆಗಿನ ಲೆಕ್ಕ

ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಹಾದಿ. ಅಲ್ಲಿ ಹಡಗು ಹತ್ತಿ ಮಲೇಷ್ಯಾದ ಪೆನಾಂಗ್, ಪೋರ್ಟ್ ಕ್ಲಾಂಗ್ ಅಥವಾ ಥಾಯ್ಲೆಂಡ್‌ನ ಫುಕೆಟ್ ನೋಡಿಕೊಂಡು ಮೂರು-ನಾಲ್ಕು ರಾತ್ರಿಯಲ್ಲಿ ಮತ್ತೆ ಸಿಂಗಾಪುರದಲ್ಲೇ ಇಳಿಯಬಹುದು. ಮೊದಲ ಸಲ ಕ್ರೂಸ್ ಹೋಗುವವರಿಗೆ ಇದು ಒಳ್ಳೆಯ ಆಯ್ಕೆ. ಮಲಕ್ಕಾ ಜಲಸಂಧಿಯ ಒಂದು ಬದಿಗೆ ಸುಮಾತ್ರಾ, ಇನ್ನೊಂದು ಬದಿಗೆ ಮಲಯ ಪರ್ಯಾಯ ದ್ವೀಪ ಅಡ್ಡ ನಿಂತಿರುವುದರಿಂದ ದೊಡ್ಡ ಅಲೆಗಳು ಒಳಗೆ ಬರುವುದು ಕಡಿಮೆ. ಹಾಗಾಗಿ ವಾಂತಿ, ತಲೆಸುತ್ತಿನ ಕಾಟವೂ ಕಡಿಮೆ. ಪಾಸ್‌ಪೋರ್ಟ್ ಇಲ್ಲದವರಿಗೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕಾರ್ಡೀಲಿಯಾ ಹಡಗು ಇದೆ. ಅದರ ಲೆಕ್ಕವೇ ಬೇರೆ. ಇಲ್ಲಿ ಹೇಳುವುದು ಸಿಂಗಾಪುರದ ಮಾರ್ಗದ ವಿಷಯ, ಹೆಚ್ಚಾಗಿ ರಾಯಲ್ ಕೆರಿಬಿಯನ್ ಎಂಬ ಕ್ರೂಸ್ ಕಂಪನಿಯ ಹಡಗುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು.

ಜಾಹೀರಾತಿನಲ್ಲಿ ಕಾಣುವ ಬೆಲೆ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇರುತ್ತಾರೆ ಎಂಬ ಲೆಕ್ಕದಲ್ಲಿ. ಒಬ್ಬರೇ ಹೋದರೆ ಸಾಮಾನ್ಯವಾಗಿ ಇಬ್ಬರ ದುಡ್ಡನ್ನೂ ಹೆಚ್ಚುಕಡಿಮೆ ಕಟ್ಟಬೇಕು. ಅದೇ ಕ್ಯಾಬಿನ್‌ನಲ್ಲಿ ಮೂರನೆಯವರು, ನಾಲ್ಕನೆಯವರು ಸೇರಿದರೆ ಅವರ ದರ ಕಡಿಮೆ. ಆದರೆ ಪೋರ್ಟ್ ಚಾರ್ಜ್ (ಬಂದರು ಶುಲ್ಕ), ತೆರಿಗೆ ಎಲ್ಲರಿಗೂ ಒಂದೇ, ಮಗುವಿಗೂ ಸೇರಿ. ಈ ಪೋರ್ಟ್ ಚಾರ್ಜನ್ನು ಕೆಲವು ಏಜೆಂಟರು ಮೊದಲ ಕೊಟೇಶನ್‌ನಲ್ಲಿ ತೋರಿಸುವುದೇ ಇಲ್ಲ. ಎರಡು ಕಡೆ ವಿಚಾರಿಸಿ ಹೋಲಿಸುವಾಗ 'ಪೋರ್ಟ್ ಚಾರ್ಜ್, ತೆರಿಗೆ, ಟಿಪ್ಸ್ ಎಲ್ಲ ಸೇರಿ ಇಡೀ ಕ್ಯಾಬಿನ್‌ಗೆ ಎಷ್ಟು' ಎಂದು ಒಂದೇ ಪ್ರಶ್ನೆ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಟಿಪ್ಸ್ ಎಂಬ ಮಾತು ನಮ್ಮವರನ್ನು ದಾರಿ ತಪ್ಪಿಸುತ್ತದೆ. ಹೋಟೆಲಿನಲ್ಲಿ ಮನಸ್ಸು ಬಂದರೆ ಕೊಡುವ ಹಣ ಇದಲ್ಲ. ತಲೆಗೆ, ದಿನಕ್ಕೆ ಇಷ್ಟು ಎಂದು ಹಡಗಿನ ಖಾತೆಗೆ ತಾನಾಗಿಯೇ ಬೀಳುತ್ತದೆ, ಮಕ್ಕಳ ತಲೆಗೂ. ರಾಯಲ್ ಕೆರಿಬಿಯನ್‌ನಲ್ಲಿ ಸಾಧಾರಣ ಕ್ಯಾಬಿನ್‌ಗೆ ಇದು 18 ಡಾಲರ್ ದಾಟಿದೆ. 18ರ ಲೆಕ್ಕದಲ್ಲೇ ಗಂಡ-ಹೆಂಡತಿ ನಾಲ್ಕು ರಾತ್ರಿ ಹೋದರೆ 144 ಡಾಲರ್, ಡಾಲರ್‌ಗೆ 90 ರೂಪಾಯಿ ಹಿಡಿದರೂ 13 ಸಾವಿರದ ಹತ್ತಿರ. ಇಬ್ಬರು ಮಕ್ಕಳಿದ್ದರೆ ಅದರ ದುಪ್ಪಟ್ಟು. ಬುಕಿಂಗ್ ಸಮಯದಲ್ಲೇ ಕಟ್ಟಿಬಿಟ್ಟರೆ ಹಡಗಿನ ಬಿಲ್ ನೋಡಿ ಕೊನೆಗೆ ಗಾಬರಿಯಾಗುವುದಿಲ್ಲ.

ಮುಖ್ಯ ಊಟದ ಹಾಲ್, ಬಫೆ, ನೀರು, ಚಹಾ, ಸಾದಾ ಕಾಫಿ, ನಾಟಕ-ಸಂಗೀತದ ಶೋಗಳು, ಈಜುಕೊಳ, ಜಿಮ್ ಟಿಕೆಟ್‌ನಲ್ಲೇ ಬರುತ್ತವೆ. ಕೋಲಾ, ಬಾಟಲಿ ಜ್ಯೂಸ್, ಮೆಷಿನ್ ಕಾಫಿ, ಮದ್ಯ, ಸ್ಪೆಶಾಲಿಟಿ ರೆಸ್ಟೋರೆಂಟ್, ವೈಫೈ, ಸ್ಪಾ, ಫೋಟೋ, ಬಂದರಿನ ಟೂರ್ ಇವಕ್ಕೆಲ್ಲ ಬೇರೆ ದುಡ್ಡು. ಪಾನೀಯಗಳ ಮೇಲೆ ಶೇ 18ರ ಆಸುಪಾಸು ಸೇವಾ ಶುಲ್ಕವೂ ಸೇರುತ್ತದೆ. ಮದ್ಯದ ಪ್ಯಾಕೇಜ್ ವಿಷಯದಲ್ಲಿ ಒಂದು ಷರತ್ತು ನೆನಪಿರಲಿ: ಕ್ಯಾಬಿನ್‌ನ ಒಬ್ಬ ವಯಸ್ಕರು ತೆಗೆದುಕೊಂಡರೆ ಅದೇ ಕ್ಯಾಬಿನ್‌ನ ಉಳಿದ ವಯಸ್ಕರೂ ತೆಗೆದುಕೊಳ್ಳಲೇಬೇಕು. ದಿನಕ್ಕೆ ಎರಡು ಬಿಯರ್ ಕುಡಿಯುವವರಿಗೆ ಇದು ಖಂಡಿತ ನಷ್ಟದ ಬಾಬತ್ತು. ವೈಫೈ ಕೂಡ ಒಂದು ಫೋನಿಗೆ ದಿನಕ್ಕೆ 20 ಡಾಲರ್‌ನಷ್ಟಾಗುತ್ತದೆ. ಹತ್ತುವ ಮುಂಚೆಯೇ ಹಡಗು ಕಂಪನಿಯ ಆ್ಯಪ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ಬೇಡ ಎನ್ನುವವರೂ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಲೇಬೇಕು. ದಡ ದಾಟಿದ ಮೇಲೆ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ. ನೀವು ಹಾಕಿಸಿದ ಸಿಂಗಾಪುರ-ಮಲೇಷ್ಯಾ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯವಾಗುವುದಿಲ್ಲ. ವಾಟ್ಸಾಪ್ ಹಿನ್ನೆಲೆಯಲ್ಲಿ ಎಳೆದ ಡೇಟಾಕ್ಕೇ ಸಾವಿರಾರು ರೂಪಾಯಿ ಬಿಲ್ ಬರುವುದು ಹೀಗೆ.

ಕ್ಯಾಬಿನ್ ಆರಿಸುವಾಗ ಬಾಲ್ಕನಿಗೆ ಮನಸೋಲುವವರೇ ಹೆಚ್ಚು. ಮೂರು ರಾತ್ರಿಯ ಯಾನಕ್ಕೆ ಅದು ಬೇಕಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಕ್ಯಾಬಿನ್‌ನಲ್ಲಿ ಇರುವುದೇ ನಿದ್ದೆಗೆ, ಸ್ನಾನಕ್ಕೆ. ಹೊರಗೆ ಬೇಗ ಬರಲಾಗದ ಹಿರಿಯರೋ, ಮಧ್ಯಾಹ್ನ ಮಲಗುವ ಮಗುವೋ ಜೊತೆಗಿದ್ದರೆ ಮಾತ್ರ ಬಾಲ್ಕನಿ ತೆಗೆದುಕೊಳ್ಳಿ. ಕಿಟಕಿಯಿಲ್ಲದ ಒಳ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕಗ್ಗತ್ತಲು, ಬೆಳಗಾದದ್ದೇ ಗೊತ್ತಾಗುವುದಿಲ್ಲ. ಮಕ್ಕಳಿದ್ದರೆ ಬ್ಯಾಟರಿಯ ಚಿಕ್ಕ ದೀಪ ಒಯ್ಯಿರಿ. ಹಡಗಿನ ನಕ್ಷೆ ನೋಡಿ ಮಧ್ಯಭಾಗದ, ಕೆಳಗಿನ ಡೆಕ್‌ನ (ಅಂತಸ್ತಿನ) ಕ್ಯಾಬಿನ್ ಹಿಡಿದರೆ ಓಲಾಟ ಕಡಿಮೆ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ ಉತ್ತಮ. ಈಜುಕೊಳದ ಡೆಕ್‌ನ ನೇರ ಕೆಳಗೆ ಸಿಕ್ಕಿದರೆ ನಸುಕಿಗೇ ಕುರ್ಚಿ ಎಳೆಯುವ ಸದ್ದು ತಲೆ ಮೇಲೆ. 'ಗ್ಯಾರಂಟಿ' ಎಂಬ ಹೆಸರಿನ ಅಗ್ಗದ ದರದಲ್ಲಿ ಕ್ಯಾಬಿನ್ ನಂಬರನ್ನು ಅವರೇ ಕೊಡುತ್ತಾರೆ. ಎರಡು ಕ್ಯಾಬಿನ್ ಬೇಕಿರುವ ಕುಟುಂಬ ಅದನ್ನು ಮುಟ್ಟಬಾರದು, ಅಜ್ಜಿ-ತಾತ ಒಂದು ತುದಿಗೆ, ನೀವೊಂದು ತುದಿಗೆ ಆದೀರಿ.

ಹಡಗು ಹತ್ತಲಾಗದೆ ವಾಪಸಾಗುವವರನ್ನು ತಡೆಯುವುದು ಹೆಚ್ಚಾಗಿ ಕಾಗದಪತ್ರ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಾಪುರದ ವೀಸಾದಲ್ಲಿ 'ಮಲ್ಟಿಪಲ್ ಎಂಟ್ರಿ' ಎಂದೇ ಇದೆಯೇ ನೋಡಿ. ವಿಮಾನದಲ್ಲಿ ಬಂದಾಗ ಒಂದು ಪ್ರವೇಶ, ಹಡಗಿನಿಂದ ಇಳಿದಾಗ ಎರಡನೆಯದು. ಸಿಂಗಲ್ ಎಂಟ್ರಿ ವೀಸಾ ಹಿಡಿದು ಬಂದವರನ್ನು ಹಡಗಿನ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. ಎಸ್‌ಜಿ ಅರೈವಲ್ ಕಾರ್ಡ್ ಎಂಬ ಸಿಂಗಾಪುರ ಪ್ರವೇಶದ ಆನ್‌ಲೈನ್ ಅರ್ಜಿಯನ್ನೂ ಎರಡು ಸಲ ತುಂಬಬೇಕು, ಪ್ರತಿ ಸಲವೂ ಬರುವ ದಿನವೂ ಸೇರಿ ಮೂರು ದಿನದೊಳಗೆ. ಎರಡನೆಯದನ್ನು ಸಮುದ್ರದ ಮಧ್ಯೆ ನೆಟ್ ಇಲ್ಲದೆ ಪರದಾಡಿ ತುಂಬುವ ಬದಲು ದಾರಿಯ ಬಂದರಿನಲ್ಲಿ ಇಳಿದಾಗಲೇ ಮುಗಿಸಿ. ಇದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಮಲೇಷ್ಯಾ 2023ರ ಡಿಸೆಂಬರ್‌ನಿಂದ ಭಾರತೀಯರಿಗೆ ವೀಸಾ ವಿನಾಯಿತಿ ಕೊಟ್ಟಿದೆ. ಥಾಯ್ಲೆಂಡ್ 2025ರ ಮೇ ತಿಂಗಳಿಂದ ಡಿಜಿಟಲ್ ಅರೈವಲ್ ಕಾರ್ಡ್ ಕೇಳುತ್ತಿದೆ. ಈ ನಿಯಮಗಳಿಗೆಲ್ಲ ಗಡುವು ಇರುತ್ತದೆ, ಬದಲಾಗುತ್ತಿರುತ್ತವೆ. ಹೊರಡುವ ಹದಿನೈದು ದಿನ ಮುಂಚೆ ಆಯಾ ದೇಶದ ವಲಸೆ ಇಲಾಖೆಯ ಪುಟದಲ್ಲೇ ಮತ್ತೊಮ್ಮೆ ನೋಡಿ. 'ನಾವು ಫುಕೆಟ್‌ನಲ್ಲಿ ಇಳಿಯುವುದೇ ಇಲ್ಲ' ಎಂದರೆ ನಡೆಯುವುದಿಲ್ಲ. ಹಡಗು ಮುಟ್ಟುವ ಎಲ್ಲ ದೇಶದ ಕಾಗದವೂ ಹತ್ತುವಾಗಲೇ ಸರಿಯಿರಬೇಕು. 23 ವಾರ ದಾಟಿದ ಗರ್ಭಿಣಿಯರನ್ನು, ಆರು ತಿಂಗಳಾಗದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ವಾರದ ಲೆಕ್ಕ ಯಾನದ ಕೊನೆಯ ದಿನದ್ದು, ಬುಕಿಂಗ್ ದಿನದ್ದಲ್ಲ. ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಕ್ರೂಸ್ ಯಾನಕ್ಕೂ, ತುರ್ತಾಗಿ ದಡಕ್ಕೆ ಸಾಗಿಸುವ ಖರ್ಚಿಗೂ ರಕ್ಷಣೆ ಇದೆಯೇ ಓದಿಕೊಳ್ಳಿ. ಹಡಗಿನ ವೈದ್ಯರ ಬಿಲ್ ಡಾಲರ್‌ನಲ್ಲಿ ನಿಮ್ಮ ಖಾತೆಗೇ ಬೀಳುತ್ತದೆ, ವಿಮೆಯಿಂದ ಆಮೇಲೆ ವಸೂಲಿ ಮಾಡಿಕೊಳ್ಳಬೇಕು.

ಸಿಂಗಾಪುರಕ್ಕೆ ಹಿಂದಿನ ದಿನವೇ ತಲುಪಿರಬೇಕು. ಅದೇ ದಿನದ ವಿಮಾನ ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ವಾಪಸಿಲ್ಲ. ಹಡಗು ನಿಲ್ಲುವ ಜಾಗದ ಹೆಸರನ್ನು ಟಿಕೆಟ್‌ನಲ್ಲಿ ಸರಿಯಾಗಿ ಓದಿ. ದೊಡ್ಡ ಹಡಗುಗಳು ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಹೊರಡುತ್ತವೆ, ಹತ್ತಿರದ ಎಂಆರ್‌ಟಿ (ಮೆಟ್ರೊ) ನಿಲ್ದಾಣ ಮರೀನಾ ಸೌತ್ ಪಿಯರ್. ಹಾರ್ಬರ್‌ಫ್ರಂಟ್‌ನಲ್ಲಿರುವುದು ಸಿಂಗಾಪುರ ಕ್ರೂಸ್ ಸೆಂಟರ್, ಅದು ಬೇರೆಯದೇ ಟರ್ಮಿನಲ್. ಟ್ಯಾಕ್ಸಿಯವರಿಗೆ ಬರಿ 'ಕ್ರೂಸ್ ಸೆಂಟರ್' ಎಂದರೆ ಎಲ್ಲಿಗಾದರೂ ಕರೆದೊಯ್ದಾರು.

ಆನ್‌ಲೈನ್ ಚೆಕ್-ಇನ್ ಯಾನಕ್ಕೆ ಸುಮಾರು 45 ದಿನ ಮುಂಚೆ ತೆರೆಯುತ್ತದೆ. ಬೇಗ ಮಾಡಿದವರಿಗೆ ಮಧ್ಯಾಹ್ನದ ಮೊದಲಿನ ಹತ್ತುವ ಸಮಯ ಸಿಗುತ್ತದೆ, ಆ ದಿನದ ಊಟ ಹಡಗಿನಲ್ಲೇ ಆಗುತ್ತದೆ. ಲಗೇಜ್ ಟ್ಯಾಗ್ ಪ್ರಿಂಟ್ ಮಾಡಿ ಸೂಟ್‌ಕೇಸಿಗೆ ಸ್ಟೇಪಲ್ ಹೊಡೆಯಿರಿ. ಕೌಂಟರ್‌ನಲ್ಲಿ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಬೇಕಾದ ಪಾಸ್‌ಪೋರ್ಟ್, ಮಾತ್ರೆ, ಈಜುಡುಗೆ, ಮಗುವಿನ ಬಟ್ಟೆ ಕೈಚೀಲದಲ್ಲಿರಲಿ. ಹಡಗಿನ ಖಾತೆಯ ಖರ್ಚಿಗೆ ಕ್ರೆಡಿಟ್ ಕಾರ್ಡ್ ಜೋಡಿಸುವುದು ಒಳ್ಳೆಯದು, ಅದರಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡಿರಬೇಕು. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ಹಡಗಿನವರು ತಡೆಹಿಡಿದ ಮೊತ್ತ ವಾಪಸ್ ಬಿಡುಗಡೆಯಾಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಊರಲ್ಲಿ ತೆಗೆಯಬೇಕಾದ ದುಡ್ಡೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ಬ್ಯಾಗು ಸ್ಕ್ಯಾನ್ ಮಾಡುವಾಗ ನಮ್ಮವರಿಂದ ಕಿತ್ತಿಟ್ಟುಕೊಳ್ಳುವ ವಸ್ತುಗಳು ಬಹುಪಾಲು ಒಂದೇ: ಇಸ್ತ್ರಿ ಪೆಟ್ಟಿಗೆ, ಕೆಟಲ್, ಎಲೆಕ್ಟ್ರಿಕ್ ಕುಕ್ಕರ್, ಎಕ್ಸ್‌ಟೆನ್ಶನ್ ಬೋರ್ಡ್. ಹಡಗಿನಲ್ಲಿ ಎಲ್ಲಕ್ಕಿಂತ ಹೆದರುವುದು ಬೆಂಕಿಗೆ, ಓಡಿಹೋಗಲು ಜಾಗವಿಲ್ಲ. ಅದೇ ಕಾರಣಕ್ಕೆ ಊದುಬತ್ತಿ, ಕರ್ಪೂರ, ದೀಪ ಹಚ್ಚುವಂತಿಲ್ಲ. ಕ್ಯಾಬಿನ್‌ನ ಹೊಗೆ ಸೂಚಕ ಒಂದು ಊದುಬತ್ತಿಗೂ ಕೂಗಿಕೊಳ್ಳುತ್ತದೆ. ದಿನವೂ ಪೂಜೆ ಮಾಡುವ ಹಿರಿಯರಿಗೆ ಇದನ್ನು ಮನೆಯಲ್ಲೇ ತಿಳಿಸಿ, ಬ್ಯಾಟರಿಯ ಪುಟ್ಟ ದೀಪ ಕೊಟ್ಟು ಒಪ್ಪಿಸಿ. ಕ್ಯಾಬಿನ್‌ನ ಗೋಡೆ ಉಕ್ಕಿನದು, ಅಯಸ್ಕಾಂತದ ಕೊಕ್ಕೆ ಗಟ್ಟಿಯಾಗಿ ಅಂಟುತ್ತದೆ. ನಾಲ್ಕು ಕೊಕ್ಕೆ ಒಯ್ದರೆ ಟೋಪಿ, ಚೀಲ, ಒದ್ದೆ ಟವೆಲ್ ನೇತುಹಾಕಬಹುದು. ಬಾಲ್ಕನಿಯ ಕಂಬಿಗೆ ಬಟ್ಟೆ ಒಣಹಾಕಲು ಬಿಡುವುದಿಲ್ಲ. ಬಹಳಷ್ಟು ಹಡಗಿನ ಬಾತ್‌ರೂಮಿನಲ್ಲಿ ಜೆಟ್ ಸ್ಪ್ರೇ ಇಲ್ಲ, ಒಂದು ಪ್ಲಾಸ್ಟಿಕ್ ಮಗ್ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಿ. ಕಮೋಡ್ ನೀರು ಸುರಿಯುವಂಥದ್ದಲ್ಲ, ವಿಮಾನದಲ್ಲಿರುವಂತೆ ಗಾಳಿಯ ಒತ್ತಡದಿಂದ ಎಳೆದುಕೊಳ್ಳುತ್ತದೆ. ಡೈಪರ್, ವೈಪ್ಸ್ ಹಾಕಿದರೆ ನಿಮ್ಮದಷ್ಟೇ ಅಲ್ಲ, ಸಾಲಿನ ಅಕ್ಕಪಕ್ಕದ ಕ್ಯಾಬಿನ್‌ಗಳದ್ದೂ ಕಟ್ಟಿಕೊಳ್ಳಬಹುದು.

ಊಟದ ಚಿಂತೆ ಈ ಮಾರ್ಗದಲ್ಲಿ ಅಷ್ಟಿಲ್ಲ. ಬಫೆಯಲ್ಲಿ ಅನ್ನ, ದಾಲ್, ಒಂದೆರಡು ಪಲ್ಯ ಸಿಗುತ್ತವೆ, ಊಟದ ಹಾಲ್‌ನಲ್ಲೂ ಭಾರತೀಯ ಸಸ್ಯಾಹಾರ ಕೇಳಿದರೆ ಕೊಡುತ್ತಾರೆ. ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಿಟ್ಟರೆ ಮರುದಿನದಿಂದ ಬೇರೆ ಮಾಡಿಸಿ ತರುತ್ತಾರೆ. ಈರುಳ್ಳಿ-ಬೆಳ್ಳುಳ್ಳಿ ಬೇಡದವರು, ಜೈನ ಊಟದವರು ಬುಕಿಂಗ್ ಜೊತೆಯಲ್ಲೇ ಲಿಖಿತವಾಗಿ ತಿಳಿಸಬೇಕು. ಸಾಂಬಾರು, ಇಡ್ಲಿಯ ನಿರೀಕ್ಷೆ ಬೇಡ. ಕಂಪನಿಯ ಸೀಲ್ ಇರುವ ಚಟ್ನಿಪುಡಿ, ಉಪ್ಪಿನಕಾಯಿ ಪೊಟ್ಟಣಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಮನೆಯಲ್ಲಿ ಮಾಡಿದ ಚಪಾತಿ, ಪುಳಿಯೋಗರೆ ಡಬ್ಬಿಯನ್ನು ಬಿಡುವುದಿಲ್ಲ.

ಹಡಗು ಹೊರಡುವ ಮುಂಚೆ ಸುರಕ್ಷತಾ ಡ್ರಿಲ್ ಎಲ್ಲರಿಗೂ ಕಡ್ಡಾಯ. ಈಗ ಆ್ಯಪ್ ಅಥವಾ ಟಿವಿಯಲ್ಲಿ ವಿಡಿಯೋ ನೋಡಿ, ಹಡಗಿನವರು ಕೊಟ್ಟ ಕಾರ್ಡಿನ ಮೇಲೆ ಬರೆದಿರುವ ಮಸ್ಟರ್ ಸ್ಟೇಷನ್‌ಗೆ (ಅಪಾಯದ ಹೊತ್ತಿನಲ್ಲಿ ಸೇರಬೇಕಾದ ಜಾಗಕ್ಕೆ) ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಹತ್ತು ನಿಮಿಷದ ಕೆಲಸ. ಈಜುಕೊಳಕ್ಕೆ ಸೀರೆ, ಚೂಡಿದಾರ, ಹತ್ತಿಯ ಟೀ-ಶರ್ಟ್ ಹಾಕಿ ಇಳಿಯಲು ಬಿಡುವುದಿಲ್ಲ, ತೋಳು-ಕಾಲು ಮುಚ್ಚುವ ನೈಲಾನ್ ಈಜುಡುಗೆ ಕೊಂಡೊಯ್ಯಿರಿ. ಡೈಪರ್ ಹಾಕಿದ ಮಕ್ಕಳಿಗೆ ದೊಡ್ಡ ಕೊಳ ಇಲ್ಲವೇ ಇಲ್ಲ. ಟವೆಲ್ ಹಾಸಿ ಕುರ್ಚಿ ಕಾದಿರಿಸಿ ತಿಂಡಿಗೆ ಹೋದರೆ ಅರ್ಧ ಗಂಟೆಯಲ್ಲಿ ಟವೆಲ್ ಎತ್ತಿಬಿಡುತ್ತಾರೆ, ಅದು ಸರಿಯೂ ಹೌದು. ರಾತ್ರಿ ಊಟದ ಹಾಲ್‌ಗೆ ಚಡ್ಡಿ, ಹವಾಯಿ ಚಪ್ಪಲಿ ನಡೆಯುವುದಿಲ್ಲ. ಫಾರ್ಮಲ್ ನೈಟ್‌ಗೆ ಸೂಟೇ ಬೇಕೆಂದಿಲ್ಲ, ರೇಷ್ಮೆ ಸೀರೆ, ಜುಬ್ಬಾ ಚೆನ್ನಾಗಿ ಒಪ್ಪುತ್ತವೆ. ಬಫೆಗೆ ಹೋಗುವಾಗ ಸೋಪು-ನೀರಿನಿಂದಲೇ ಕೈ ತೊಳೆಯಿರಿ. ಹಡಗಿನಲ್ಲಿ ಬೇಗ ಹರಡುವ, ವಾಂತಿ-ಭೇದಿ ತರುವ ನೋರೋವೈರಸ್ ಸ್ಯಾನಿಟೈಸರ್‌ಗೆ ಅಷ್ಟು ಬಗ್ಗುವುದಿಲ್ಲ.

ಪೆನಾಂಗ್‌ನಲ್ಲಿ ಹಡಗು ಜಾರ್ಜ್ ಟೌನ್‌ನ ಸ್ವೆಟೆನ್‌ಹ್ಯಾಮ್ ಪಿಯರ್‌ಗೇ ಬಂದು ನಿಲ್ಲುತ್ತದೆ. ಲಿಟ್ಲ್ ಇಂಡಿಯಾ, ಹಳೆಯ ಬೀದಿಗಳು ನಡೆದೇ ಹೋಗುವಷ್ಟು ಹತ್ತಿರ, ಹಡಗಿನ ಟೂರ್‌ಗೆ ದುಡ್ಡು ಕೊಡುವ ಅಗತ್ಯವಿಲ್ಲ. ಪೋರ್ಟ್ ಕ್ಲಾಂಗ್ ಹಾಗಲ್ಲ. ಕ್ವಾಲಾಲಂಪುರ ಅಲ್ಲಿಂದ ಗಂಟೆಗೂ ಮಿಕ್ಕಿದ ದಾರಿ, ಸಂಜೆಯ ಟ್ರಾಫಿಕ್ ನಂಬುವಂತಿಲ್ಲ. ಹಡಗಿನವರದೇ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಬಿಟ್ಟು ಹೊರಡುತ್ತದೆ. ಹಾಗಾಗಿ ಕ್ವಾಲಾಲಂಪುರಕ್ಕೆ ಮಾತ್ರ ಅವರ ಬಸ್ಸೇ ವಾಸಿ. ಫುಕೆಟ್‌ನಲ್ಲಿ ದೊಡ್ಡ ಹಡಗು ಪಟಾಂಗ್ ತೀರದಾಚೆ ಲಂಗರು ಹಾಕಿ ಚಿಕ್ಕ ದೋಣಿಗಳಲ್ಲಿ ಜನರನ್ನು ದಡ ಮುಟ್ಟಿಸುತ್ತದೆ. ಮಂಡಿ ನೋವಿರುವವರಿಗೆ ಆ ದೋಣಿ ಹತ್ತಿಳಿಯುವುದು ಕಷ್ಟ. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕಿಳಿದ ಕೂಡಲೇ ಫೋನು ತಾನಾಗಿ ಥಾಯ್ ಸಮಯಕ್ಕೆ ತಿರುಗುತ್ತದೆ, ಹಡಗು ತನ್ನ ಸಮಯದಲ್ಲೇ ಇರಬಹುದು. ಇಳಿಯುವ ಬಾಗಿಲಲ್ಲಿ ಬರೆದಿರುವ 'ವಾಪಸ್ ಹತ್ತುವ ಸಮಯ' ಯಾವ ಗಡಿಯಾರದ್ದು ಎಂದು ಕೇಳಿಕೊಂಡೇ ಇಳಿಯಿರಿ, ಮಾಮೂಲಿ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಕೊನೆಯ ರಾತ್ರಿ ಸೂಟ್‌ಕೇಸನ್ನು ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಮರುದಿನ ಉಡುವ ಬಟ್ಟೆ, ಚಪ್ಪಲಿ, ಮಾತ್ರೆ ಹೊರಗೆ ತೆಗೆದಿಟ್ಟುಕೊಂಡು ಇಡಿ. ಪೂರ್ತಿ ಪ್ಯಾಕ್ ಮಾಡಿ ಪೈಜಾಮದಲ್ಲೇ ಹಡಗು ಇಳಿಯುವವರು ಇದ್ದೇ ಇರುತ್ತಾರೆ. ಸಾಮಾನು ನೀವೇ ಎಳೆದುಕೊಂಡು ಇಳಿಯುವುದಾದರೆ ಮೊದಲ ಗುಂಪಿನಲ್ಲೇ ಹೊರಗೆ ಬರಬಹುದು. ಆದರೂ ವಾಪಸ್ ವಿಮಾನ ಮಧ್ಯಾಹ್ನ ಒಂದರ ಮೊದಲು ಬೇಡ. ಬಿಲ್ಲನ್ನು ಆ್ಯಪ್‌ನಲ್ಲಿ ಹಿಂದಿನ ಸಂಜೆಯೇ ತೆರೆದು ನೋಡಿ, ಮಿನಿಬಾರ್ ಅಥವಾ ಫೋಟೋ ತಪ್ಪಾಗಿ ಸೇರಿದ್ದರೆ ಆಗಲೇ ಗೆಸ್ಟ್ ಸರ್ವಿಸ್‌ಗೆ ಹೋಗಿ. ಬೆಳಿಗ್ಗೆ ಅಲ್ಲಿ ಸಾಲು ಲಿಫ್ಟ್‌ವರೆಗೂ ಬೆಳೆದಿರುತ್ತದೆ. ಊರಿಗೆ ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ: ಪ್ಯಾಕೇಜ್ ಮಾರಿದ ಏಜೆಂಟರು ಹಿಡಿದ ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ) ನಿಮ್ಮ ಪ್ಯಾನ್‌ನ 26ಎಎಸ್ ಎಂಬ ತೆರಿಗೆ ಲೆಕ್ಕಪಟ್ಟಿಯಲ್ಲಿ ಬಂದಿದೆಯೇ ನೋಡಿ. ಬಂದಿದ್ದರೆ ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದನ್ನು ವಾಪಸ್ ಕೇಳಬಹುದು. ಬಂದಿಲ್ಲದಿದ್ದರೆ ರಸೀದಿ ಹಿಡಿದು ಏಜೆಂಟರ ಬಳಿ ಹೋಗಿ.