ಸೇಲಂನಲ್ಲಿ ಕಂಡ ಮಮ್ಮಿ

2017ರ ಅಕ್ಟೋಬರ್ ತಿಂಗಳ ಒಂದು ಶನಿವಾರ ಹನ್ನೊಂದು ವರ್ಷದ ಮಗಳನ್ನು ಕರೆದುಕೊಂಡು ಅಮೆರಿಕದ ಬಾಸ್ಟನ್‌ನಿಂದ ರೈಲಿನಲ್ಲಿ ಹತ್ತಿರದ ಸೇಲಂಗೆ ಹೋಗಿದ್ದೆ. 1692ರ ಮಾಟಗಾತಿಯರ ವಿಚಾರಣೆಯಿಂದ ಹೆಸರಾದ ಆ ಊರಿನಲ್ಲಿ ಅಕ್ಟೋಬರ್ ಬಂತೆಂದರೆ ದೆವ್ವಭೂತಗಳ ವೇಷ ಹಾಕುವ ಹ್ಯಾಲೊವೀನ್ ಹಬ್ಬದ ಜಾತ್ರೆ. ಮುಖವಾಡ, ಕೋರೆಹಲ್ಲುಗಳ ನೂಕುನುಗ್ಗಲನ್ನು ದಾಟಿ ನಾವು ಪೀಬಡಿ ಎಸೆಕ್ಸ್ ವಸ್ತುಸಂಗ್ರಹಾಲಯವನ್ನು ಸೇರಿದೆವು. ಮೆಟಾಲಿಕಾ ಎಂಬ ಸಂಗೀತ ತಂಡದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ವರ್ಷಗಟ್ಟಲೆ ಕೂಡಿಸಿದ ಹಳೆಯ ಭಯಾನಕ ಚಿತ್ರಗಳ ಪೋಸ್ಟರುಗಳನ್ನು ಅಲ್ಲಿ ಪ್ರದರ್ಶನಕ್ಕಿಟ್ಟಿದ್ದರು.

'ದಿ ಮಮ್ಮಿ'ಯ ಪೋಸ್ಟರಿನ ಮುಂದೆ ಇಬ್ಬರೂ ನಿಂತುಬಿಟ್ಟೆವು. ಮಮ್ಮಿ ಎಂದರೆ ಕೆಡದಂತೆ ಬಟ್ಟೆ ಸುತ್ತಿ ಕಾಪಿಟ್ಟ ಪ್ರಾಚೀನ ಈಜಿಪ್ಟಿನ ಶವ; ಅಂಥದೊಂದು ಶವ ಮತ್ತೆ ಜೀವ ತಳೆಯುವ ಕಥೆ ಆ ಚಿತ್ರದ್ದು. 1932ರಲ್ಲಿ ಯೂನಿವರ್ಸಲ್ ಚಿತ್ರಸಂಸ್ಥೆಗಾಗಿ ಕಲಾವಿದ ಕರೋಲಿ ಗ್ರೋಸ್ ರೂಪಿಸಿದ, 27 ಇಂಚು ಅಗಲ 41 ಇಂಚು ಎತ್ತರದ ಕಾಗದ ಅದು. ಎದೆಯ ಮೇಲೆ ಕೈಗಳನ್ನು ಅಡ್ಡವಾಗಿಟ್ಟು ನಿಂತ, ನಟ ಬೋರಿಸ್ ಕಾರ್ಲಾಫ್‌ನ ಮಮ್ಮಿ. ಅದರ ಮುಂದೆ ಕೆಂಪು ಉಡುಪಿನ ಹೆಣ್ಣು. ಹಿಂದಿನ ವಾರವಷ್ಟೇ ಮನೆಯಲ್ಲಿ ಆ ಚಿತ್ರವನ್ನು ನೋಡಿದ್ದ ಮಗಳು, "ಅಪ್ಪಾ, ಸಿನಿಮಾ ಕಪ್ಪು-ಬಿಳುಪು ಇತ್ತಲ್ಲ, ಆ ಬಟ್ಟೆ ಕೆಂಪು ಅಂತ ಇವರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಗೊತ್ತಿರಬೇಕಾಗಿರಲಿಲ್ಲ, ಬಣ್ಣ ಹಾಕಿದವರೇ ತೀರ್ಮಾನಿಸಿದ್ದು ಎಂದೆ.

ಉತ್ತರ ಕೊಟ್ಟ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ, ಏಕೆಂದರೆ ಚಿತ್ರದಲ್ಲಿಲ್ಲದೆ ಪೋಸ್ಟರಿನಲ್ಲಿರುವುದು ಬಣ್ಣವೊಂದೇ ಅಲ್ಲ. ಬಟ್ಟೆ ಸುತ್ತಿದ ಮಮ್ಮಿ ಚಿತ್ರದ ಆರಂಭದಲ್ಲಿ ಸ್ವಲ್ಪ ಹೊತ್ತು ಮಾತ್ರ ಕಾಣುತ್ತದೆ. ಅದು ನಡೆಯುವುದನ್ನು ನಿರ್ದೇಶಕ ಕಾರ್ಲ್ ಫ್ರಾಯಿಂಡ್ ತೋರಿಸುವುದೇ ಇಲ್ಲ: ರೆಪ್ಪೆ ಸ್ವಲ್ಪ ತೆರೆಯುತ್ತದೆ, ಒಂದು ಕೈ ಮಂತ್ರ ಬರೆದ ಹಳೆಯ ಸುರುಳಿಯತ್ತ ಚಾಚುತ್ತದೆ, ಆಮೇಲೆ ಬಟ್ಟೆಯ ತುದಿಗಳು ಹೊಸ್ತಿಲಾಚೆ ಎಳೆದುಕೊಂಡು ಹೋಗುತ್ತವೆ, ಕೋಣೆಯಲ್ಲಿ ಉಳಿದ ತರುಣ ಹುಚ್ಚನಂತೆ ನಗತೊಡಗುತ್ತಾನೆ. ಇಷ್ಟು ದೃಶ್ಯಕ್ಕಾಗಿ ಜಾಕ್ ಪಿಯರ್ಸ್ ಗಂಟೆಗಟ್ಟಲೆ ಕೂತು ಕಾರ್ಲಾಫ್‌ಗೆ ಪ್ರಸಾಧನ ಮಾಡಿದ್ದರು. ಚಿತ್ರ ಬಚ್ಚಿಟ್ಟದ್ದನ್ನು ಪೋಸ್ಟರು ಆಳೆತ್ತರಕ್ಕೆ ನಿಲ್ಲಿಸಿ ತೋರಿಸುತ್ತದೆ. ಇದನ್ನು ನಾನು ಬಹುಕಾಲ ಪ್ರೇಕ್ಷಕರಿಗೆ ಮಾಡಿದ ವಂಚನೆ ಎಂದೇ ತಿಳಿದಿದ್ದೆ. ಅಂದು ಆ ಅಭಿಪ್ರಾಯ ಬದಲಾಯಿತು. ಕತ್ತಲಲ್ಲಿ ಕೂತವರನ್ನು ನಿರ್ದೇಶಕ ಒಂದು ಗಂಟೆಗೂ ಮೀರಿ ಕಾಯಿಸಬಲ್ಲ. ಬೀದಿಯಲ್ಲಿ ಹೋಗುವವರ ಒಂದು ನೋಟದಲ್ಲಿಯೇ ಪೋಸ್ಟರಿನ ಕಲಾವಿದ ತನ್ನ ಕೆಲಸವನ್ನೆಲ್ಲ ಮುಗಿಸಬೇಕು.

ಹತ್ತಿರ ಹೋಗಿ ನೋಡಿದರೆ ಅಂತಹ ಹಾಳೆಗಳಲ್ಲಿ ಮಡಿಕೆಯ ಗುರುತುಗಳು ಕಾಣುತ್ತವೆ. ಆ ಕಾಲದಲ್ಲಿ ಇವನ್ನು ಮಡಚಿಯೇ ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದರು. ಪ್ರದರ್ಶನ ಮುಗಿದ ಮೇಲೆ ಉಳಿಸಿಕೊಳ್ಳಬೇಕೆಂದು ಯಾರೂ ಮುದ್ರಿಸಿರಲಿಲ್ಲ. 'ದಿ ಮಮ್ಮಿ'ಯ ಈ ಪೋಸ್ಟರಿನ ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿವೆ, ಅವುಗಳಲ್ಲೊಂದು 1997ರ ಹರಾಜಿನಲ್ಲಿ ನಾಲ್ಕೂವರೆ ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಗಿತ್ತು. ನನಗೆ ನೆನಪಾದದ್ದು ನಮ್ಮೂರಿನ ಟಾಕೀಸಿನ ಗೋಡೆ. ಮೈದಾ ಅಂಟು ಬಳಿದು ಹಳೆಯದರ ಮೇಲೆಯೇ ಹೊಸ ಪೋಸ್ಟರು ಹಚ್ಚುತ್ತಿದ್ದರು, ಅಂಟಿನ ಆಸೆಗೆ ಹಸುಗಳು ಅದನ್ನು ಕಿತ್ತು ತಿನ್ನುತ್ತಿದ್ದವು. ಅಲ್ಲಿ ಕಳೆದುಹೋದ ಕಾಗದಗಳ ಬಗ್ಗೆ ಆ ಮಧ್ಯಾಹ್ನ ನಿಜವಾಗಿಯೂ ಸಂಕಟವಾಯಿತು.

ರಾತ್ರಿ ಮನೆಗೆ ಬಂದು 1948ರ 'ಅಬಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್' ನೋಡಿದೆವು. ಭಯ ಮತ್ತು ಹಾಸ್ಯವನ್ನು ಬೆರೆಸಿದ ಚಿತ್ರಗಳಲ್ಲಿ ಇದಕ್ಕಿಂತ ಹದವಾದದ್ದನ್ನು ನಾನು ಕಂಡಿಲ್ಲ. 1931ರಲ್ಲಿ ಡ್ರಾಕುಲಾ ಆಗಿದ್ದ ಬೆಲಾ ಲುಗೋಸಿ ಹದಿನೇಳು ವರ್ಷಗಳ ನಂತರ ಇಲ್ಲಿ ಮತ್ತೆ ಅದೇ ಪಾತ್ರ ವಹಿಸಿದ್ದಾರೆ, ಅದೇ ಗಾಂಭೀರ್ಯದಿಂದ. ನಗಿಸುವ ಹೊಣೆಯನ್ನು ಅಬಟ್, ಕಾಸ್ಟೆಲೊ ಎಂಬ ಇಬ್ಬರು ಹಾಸ್ಯನಟರಿಗೆ ಬಿಟ್ಟಿದ್ದಾರೆ. ಶವಪೆಟ್ಟಿಗೆಯ ಮೇಲಿಟ್ಟ ಮೇಣದಬತ್ತಿ, ಮುಚ್ಚಳ ತೆರೆದಂತೆಲ್ಲ ತಾನೇ ಜರುಗುವುದನ್ನು ಕಂಡು ಕಾಸ್ಟೆಲೊಗೆ ಗಂಟಲಿನಿಂದ ದನಿಯೇ ಹೊರಡದಾದಾಗ ಮಗಳು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.