ಮೂವತ್ತೇಳಕ್ಕೆ ಚೊಚ್ಚಲ ಬಸುರು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನನ್ನ ಮಗಳು ಹುಟ್ಟಿದಾಗ ನನಗೆ 37. ದಾವಣಗೆರೆಯಂಥ ಊರಲ್ಲಿ ಇಂಥ ಸುದ್ದಿ ಒಂದು ಕಡೆ ನಿಲ್ಲೋದಿಲ್ಲ. ಸ್ಕೂಲಿನ ಸ್ಟಾಫ್‌ರೂಮಲ್ಲೋ ಮದುವೆ ಮನೆಯ ಊಟದ ಸಾಲಲ್ಲೋ ಯಾರಾದರೊಬ್ಬರು ಮೆಲ್ಲಗೆ ಪಕ್ಕಕ್ಕೆ ಬಂದು ಕೇಳುತ್ತಾರೆ: "ಮೇಡಂ, ನಮ್ಮ ನಾದಿನಿಗೆ 36, ಈಗ ಚೊಚ್ಚಲ. ಏನೇನು ತಿನ್ನಬೇಕು ಹೇಳ್ರಿ."

ತಿನ್ನೋದು ಆಮೇಲೆ. ಎಷ್ಟನೇ ವಾರ, ಡಾಕ್ಟರ್‌ಗೆ ತೋರಿಸಿದ್ದೀರಾ ಅಂತ ನಾನು ತಿರುಗಿ ಕೇಳುತ್ತೇನೆ. ಬಹಳ ಸಲ ಬರುವ ಉತ್ತರ: "ಇನ್ನೂ ಮೂರು ತಿಂಗಳು ತುಂಬಿಲ್ರಿ."

ಅದೇ ತಪ್ಪು ನಾನೂ ಮಾಡಿದ್ದೆ. "ಮೂರು ತಿಂಗ್ಳು ತುಂಬೋತನ ಯಾರ ಮುಂದೂ ಬಾಯಿ ಬಿಡಬ್ಯಾಡವ್ವ, ದೃಷ್ಟಿ ಆಗ್ತತಿ" ಅಂದರು ನಮ್ಮತ್ತೆ. ನಾನು ಎಂಥ ಜಾಣೆ ಅಂದರೆ, ಆ 'ಯಾರ ಮುಂದೂ' ಅನ್ನೋದರಲ್ಲಿ ಡಾಕ್ಟರನ್ನೂ ಸೇರಿಸಿಬಿಟ್ಟೆ. ಕೊನೆಗೆ ಹೋದಾಗ ಡಾಕ್ಟರ್ ಮೇಜಿನ ಡ್ರಾಯರಿಂದ ಒಂದು ಗುಂಡನೆಯ ಕಾಗದದ ಚಕ್ರ ತೆಗೆದು, ನನ್ನ ಕೊನೆಯ ಮುಟ್ಟಿನ ತಾರೀಕಿಗೆ ಹೊಂದಿಸಿ ತಿರುಗಿಸಿದರು. 13 ವಾರ 2 ದಿನ. ಬೈಯಲಿಲ್ಲ. "ಇನ್ನು ನಾಲ್ಕು ದಿನ ಇದೆ, ನಡುವೆ ಭಾನುವಾರ ಬೇರೆ" ಅಂದರು ಅಷ್ಟೆ.

ಅವರು ಹೇಳಿದ್ದು ಎನ್‌ಟಿ ಸ್ಕ್ಯಾನ್ ವಿಷಯ. ಮಗುವಿನ ಕತ್ತಿನ ಹಿಂದೆ ಚರ್ಮದಡಿ ಇರುವ ನೀರಿನ ದಪ್ಪ ಅಳೆಯುವ ಸ್ಕ್ಯಾನ್ ಅದು. 11 ವಾರದಿಂದ 13 ವಾರ 6 ದಿನದೊಳಗೇ ಆಗಬೇಕು, ಜೊತೆಗೆ ಡಬಲ್ ಮಾರ್ಕರ್ ಅನ್ನೋ ರಕ್ತಪರೀಕ್ಷೆ. ಎರಡೂ ಸೇರಿ ಮಗುವಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ ಸಾಧ್ಯತೆ ಎಷ್ಟು ಅಂತ ಅಂದಾಜು ಹೇಳುತ್ತವೆ. ಆ ಸಾಧ್ಯತೆ ತಾಯಿಯ ವಯಸ್ಸಿನ ಜೊತೆ ಏರುತ್ತದೆ: 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಹೆದರಿಸುವವರು ಆ ಒಂದನ್ನೇ ಹೇಳುತ್ತಾರೆ, ಉಳಿದ 99ರ ಮಾತೇ ಇಲ್ಲ. ಇನ್ನೊಂದು ಮಾತು: ಈ ರಿಪೋರ್ಟಲ್ಲಿ 'ಹೈ ರಿಸ್ಕ್' ಅಂತ ಬಂದರೆ ಮಗುವಿಗೆ ತೊಂದರೆ ಇದೆ ಅಂತಲ್ಲ, ಮುಂದಿನ ಪರೀಕ್ಷೆ ಬೇಕಾಗಬಹುದು ಅಂತ. ಖಚಿತವಾಗಿ ಹೇಳುವ, ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು ತೆಗೆದು ಮಾಡುವ ಪರೀಕ್ಷೆ 15 ವಾರದ ನಂತರ.

ತಡವಾಗಿ ಹೋದರೆ ಕೈತಪ್ಪುವುದು ಇದೊಂದೇ ಅಲ್ಲ. ಫೋಲಿಕ್ ಆಸಿಡ್ ಮಾತ್ರೆ ಬಸಿರಾಗುವ ಮುಂಚಿನಿಂದಲೇ ತಗೊಳ್ಳಬೇಕು, ಯಾಕಂದರೆ ಮಗುವಿನ ಬೆನ್ನುಹುರಿ ಮೊದಲ ಕೆಲವೇ ವಾರಗಳಲ್ಲಿ ರೂಪುಗೊಳ್ಳುತ್ತದೆ. 35 ದಾಟಿದ ಚೊಚ್ಚಲ ಬಸುರಿಗೆ ಬಿಪಿ ಏರುವ ಸಂಭವ ಜಾಸ್ತಿ. ಅದನ್ನು ತಡೆಯಲು ಕೆಲವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಕೊಡುತ್ತಾರೆ, ಅದನ್ನು 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು. ದಯವಿಟ್ಟು ಇದನ್ನು ಓದಿ ನೀವೇ ಅಂಗಡಿಯಿಂದ ತಂದು ನುಂಗಬೇಡಿ.

ಈಗ ಊಟ. ಸಕ್ಕರೆ ಪರೀಕ್ಷೆ ಮೊದಲ ಭೇಟಿಯಲ್ಲಿ ಒಂದು, 24ರಿಂದ 28 ವಾರದೊಳಗೆ ಇನ್ನೊಂದು. 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕದಡಿ ಕೊಟ್ಟರು. ರಾಮನವಮಿಯ ಪಾನಕಕ್ಕೆ ಏಲಕ್ಕಿ, ನಿಂಬೆಹಣ್ಣು ಎರಡೂ ಮರೆತ ಹಾಗಿತ್ತು. ವಾಂತಿ ತಡೆದುಕೊಂಡು ಎರಡು ಗಂಟೆ ಬೆಂಚಿನ ಮೇಲೆ ಕೂತೆ. 140 ಮುಟ್ಟಿದರೇ ಸಕ್ಕರೆ ಅಂತ ಲೆಕ್ಕ, ನನ್ನದು 152. ಅನ್ನ ಬಿಟ್ಟೆ, ಮಂಡಕ್ಕಿ ಮಿರ್ಚಿ ಬಿಟ್ಟೆ (ಈ ಊರಲ್ಲಿ ಇದು ಸಣ್ಣ ತ್ಯಾಗ ಅಲ್ಲ), ರಾಗಿ ಮುದ್ದೆ ಅಂದರೆ ಸಕ್ಕರೆಗೆ ಔಷಧಿ ಅಂದುಕೊಂಡು ತೆಂಗಿನಕಾಯಿ ಗಾತ್ರದ್ದು ಉಂಡೆ. ಊಟವಾಗಿ ಎರಡು ಗಂಟೆಗೆ 120ರೊಳಗೆ ಇರಬೇಕಿದ್ದ ಸಕ್ಕರೆ ಇನ್ನೂ ಏರಿತ್ತು. ರಾಗಿಯೂ ಹಿಟ್ಟೇ ತಾನೇ! ಆಮೇಲೆ ಅರ್ಧ ಮುದ್ದೆ, ಬೇಳೆ ಹಾಕಿದ ನುಗ್ಗೆಸೊಪ್ಪಿನ ಸಾರು ಎರಡು ಬಟ್ಟಲು, ಉಂಡ ಮೇಲೆ ಹದಿನೈದು ನಿಮಿಷ ಬೀದಿಯಲ್ಲಿ ನಡಿಗೆ. ನನಗೆ ಅಷ್ಟರಲ್ಲೇ ಹಿಡಿತಕ್ಕೆ ಬಂತು. ಇನ್ಸುಲಿನ್ ಬೇಕಾದವರೂ ಇರುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ.

ಖರ್ಚಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಗೆ ಬೇಗ ಹೇಳಿ ತಾಯಿ ಕಾರ್ಡ್ ಮಾಡಿಸಿ. ನಾಲ್ಕನೇ ತಿಂಗಳಿಂದ ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಉಚಿತವಾಗಿ ನೋಡುತ್ತಾರೆ. ಆದರೆ ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತ ಕಾಣುವುದು, ಮಗು ಮಿಸುಕಾಡುವುದು ಕಡಿಮೆಯಾಗುವುದು, ಇವುಗಳಿಗೆ ಯಾವ ತಾರೀಕೂ ಕಾಯಬೇಡಿ.

ನನ್ನ ಸ್ಕ್ಯಾನ್ ಕೊನೆಗೆ ಆಯಿತು, 13 ವಾರ 6ನೇ ದಿನ, ಸಂಜೆ ಆರೂವರೆಗೆ. ಅತ್ತೆಯೂ ಜೊತೆಗೆ ಬಂದಿದ್ದರು. ಓಣಿಯವರು ಕೇಳಿದರೆ ತಮ್ಮ ಮಂಡಿನೋವಿಗೆ ತೋರಿಸೋಕೆ ಅಂತ ಹೇಳೋದು ಅಂತ ಆಟೋದಲ್ಲೇ ತೀರ್ಮಾನ ಮಾಡಿದ್ದರು.